ಸುಡದ ಸರಪಳಿ

ಹೊಸದಾಗಿ ಬಣ್ಣ ಬಳಿದ ಕ್ರೇನನ್ನು ನಾನು ಎಂದೂ ನಂಬಿದವನಲ್ಲ. ತಪಾಸಣೆಯ ರಾಯರು ಬರುತ್ತಾರೆಂದು ಸುದ್ದಿ ಮುಟ್ಟಿದ ಕೂಡಲೇ, ಕಲಬುರ್ಗಿಯ ಹತ್ತಿ ಗಿರಣಿಯಿರಲಿ, ಸ್ಟೇಶನ್ ಬಜಾರದ ಬದಿಯ ಮಾಲಗೋದಾಮಿರಲಿ, ಮೊದಲು ತೆರೆಯುತ್ತಿದ್ದುದು ಕೆಂಪು ಬಣ್ಣದ ಡಬ್ಬಿ. ನಾನು ಹೋಗಿ ಮುಟ್ಟುವ ಹೊತ್ತಿಗೆ ಕ್ರೇನು ಕಾರಹುಣ್ಣಿಮೆಯ ಎತ್ತಿನ ಕೊಂಬಿನಂತೆ ಮಿಂಚುತ್ತಿರುತ್ತಿತ್ತು. ಬಣ್ಣ ಭಾರ ಎತ್ತುವುದಿಲ್ಲ. ಎತ್ತುವ ಕಬ್ಬಿಣದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಅದನ್ನು ಮುಚ್ಚುವ ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡುತ್ತದೆ. ಹೀಗಾಗಿ ಬಣ್ಣದ ವಾಸನೆ ಬಂದಲ್ಲಿ ನಾನು ಮೊದಲು ಕೇಳುತ್ತಿದ್ದುದು, ಇದನ್ನು ಹಚ್ಚಲು ಹೇಳಿದವರು ಯಾರು, ಯಾವಾಗ ಹೇಳಿದರು, ಯಾಕೆ ಹೇಳಿದರು ಎಂದು. ಉತ್ತರ ಸಿಗುವ ತನಕ ಕೆರೆಯುವ ಉಳಿಯನ್ನು ಕೆಳಗಿಡುತ್ತಿರಲಿಲ್ಲ.

ತಪಾಸಣೆ ಖಾತೆಯವರು ವಜೀಫಾ, ಅಂದರೆ ಪಿಂಚಣಿ, ಕಟ್ಟಿಕೊಟ್ಟು ನನ್ನನ್ನು ಮನೆಗೆ ಕಳಿಸಿದಾಗ ನನ್ನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಕಿವಿ ಕೆಟ್ಟಿತ್ತು. ಸುತ್ತಿಗೆಯಿಂದ ಬಡಿದು, ಕಬ್ಬಿಣದ ದನಿ ಕೇಳಿ, ಒಳಗಿನ ಹುಳುಕು ಹಿಡಿಯುವ ಕೆಲಸದಲ್ಲಿ ಕಿವಿ ಹೋದವನಿಗೆ ಏನು ಜಾಗ? ಈಗ ಶಹಾಬಜಾರದ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆ ಹೊತ್ತು ಖಾತೆಗೆ ಹೊಸದಾಗಿ ಸೇರಿದ ಹುಡುಗರು ಬಂದು ಕೂಡುತ್ತಾರೆ. ನನ್ನ ವಯಸ್ಸಿನವರು ಇನ್ನೂ ನೌಕರಿ ಮಾಡುತ್ತಿರುವಾಗ ನಾನು ಪಿಂಚಣಿದಾರ ಮುದುಕನ ಹಾಗೆ ಅನುಭವ ಹೇಳಬೇಕಾಗಿ ಬಂದಿದೆ. ಬಡ್ತಿ ಹೇಗೆ ಸಿಗುತ್ತದೆ ಎಂದು ಅವರು ಕೇಳುತ್ತಾರೆ. ಅದನ್ನು ಬಡ್ತಿ ಸಿಕ್ಕವರ ಹತ್ತಿರ ಕೇಳಲಿ. ಕ್ರೇನು ಯಾರ ತಲೆಯ ಮೇಲೂ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಕೇಳಿದರೆ ನನ್ನ ಹತ್ತಿರ ಒಂದಿಷ್ಟು ಹೇಳಲು ಇದೆ.

ನಮ್ಮದು ವೈಷ್ಣವರ ಮನೆ. ಅಜ್ಜ ವಾದದಲ್ಲಿ ಹೆಸರಾದವರು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆ ಎಂದರೆ ಸಾಕು, ಪ್ರಮಾಣ ಏನು ಎಂದು ಕೇಳುತ್ತಿದ್ದರು. ಕಣ್ಣಾರೆ ಕಂಡದ್ದು, ಕಂಡದ್ದರಿಂದ ಊಹಿಸಿದ್ದು, ನಂಬಿಕಸ್ಥರು ಹೇಳಿದ್ದು, ಇವನ್ನು ಬೇರೆಬೇರೆ ಇಡಲು ಎಳೆತನದಲ್ಲೇ ಕಲಿಸಿದರು. ನಾನು ಅಭ್ಯಾಸ ಮುಂದುವರಿಸಿ ಶಾಸ್ತ್ರಿಯಾಗುತ್ತೇನೆಂದು ಅವರ ಲೆಕ್ಕ. ನಾನು ಅದೇ ಅಸ್ತ್ರವನ್ನು ಅವರ ಮೇಲೆಯೇ ತಿರುಗಿಸಿ, ನೀವು ಹೇಳುವುದಕ್ಕೆಲ್ಲ ಪ್ರಮಾಣ ಏನು ಎಂದು ಕೇಳಿ, ಹೈದರಾಬಾದಿಗೆ ಹೋಗಿ ಯಂತ್ರಗಳ ಕೆಲಸ ಕಲಿತು ಬಂದೆ. ಖಾತೆಗೆ ಸೇರಿದ ಮೊದಲ ದಿನಗಳಲ್ಲೇ ಗೊತ್ತಾದದ್ದು, ಇಲ್ಲಿನ ತಪಾಸಣೆಯೆಲ್ಲ ನಂಬಿಕಸ್ಥರ ಮಾತಿನ ಮೇಲೆ ನಡೆಯುತ್ತದೆ ಎಂದು. ಮಿಸ್ತ್ರಿ ಮೇಲೆ ಹತ್ತಿ ನೋಡಿದೆ ಅನ್ನುತ್ತಾನೆ, ಓವರಸಿಯರ್ ಮಿಸ್ತ್ರಿ ನೋಡಿದ ಅನ್ನುತ್ತಾನೆ, ತಪಾಸಣೆಯವನು ನೆರಳಿನಲ್ಲಿ ಕೂತು ಸಹಿ ಮಾಡುತ್ತಾನೆ. ಇವರಲ್ಲಿ ಕ್ರೇನನ್ನು ಕಂಡವರು ಯಾರು?

ಕ್ರೇನು ಅಂದರೆ ಆಗಿನ ನಮ್ಮ ಕಡೆಯವು ದೊಡ್ಡ ಚೌಕಟ್ಟುಗಳು. ಎರಡು ಕಡೆ ಕಬ್ಬಿಣದ ಕಾಲು, ಮೇಲೆ ಅಡ್ಡ ತೊಲೆ, ಕಾಲಿನ ಕೆಳಗೆ ಹಳಿಯ ಮೇಲೆ ಉರುಳುವ ಗಾಲಿ. ತೊಲೆಯ ಮೇಲೆ ಹಲ್ಲುಗಾಲಿಗಳ ಒಂದು ಬಂಡಿ. ಅದರಿಂದ ಇಳಿಬಿದ್ದ ಸರಪಳಿ, ಸರಪಳಿಯ ತುದಿಗೆ ಕೊಕ್ಕೆ. ಆಳುಗಳು ಹಿಡಿಕೆ ತಿರುವಿದರೆ ಭಾರ ಏರುತ್ತದೆ. ನೋಡಲು ಸರಳ. ಸರಳವಾದದ್ದನ್ನು ಯಾರೂ ಅನುಮಾನಿಸುವುದಿಲ್ಲ ಎಂಬುದೇ ನನ್ನ ಮೊದಲ ಅನುಮಾನ.

ನಾನು ಹೊರಗಿನ ಅಡುಗೆ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಣ್ಣಿಗೆ ಮೈಲಿಗೆಯಿಲ್ಲ ಎಂಬುದೂ ಗೊತ್ತಿತ್ತು. ಹಾಗಾಗಿ ನನ್ನ ಬಾಯಿ ಮುಚ್ಚಿಸುವ ಪ್ರಯತ್ನಗಳೆಲ್ಲ ಕಮಲಾಪುರದ ಕೆಂಪು ಬಾಳೆಹಣ್ಣಿನ ರೂಪದಲ್ಲೇ ಬರುತ್ತಿದ್ದವು. ಗೊನೆ ಎಷ್ಟು ದೊಡ್ಡದೋ ಕ್ರೇನು ಅಷ್ಟು ಹದಗೆಟ್ಟಿದೆ ಎಂದು ಅರ್ಥ. ಒಬ್ಬ ಗಿರಣಿಯ ಸೇಠ ಒಮ್ಮೆ ಬಾಗಿಲಲ್ಲೇ ಎರಡು ಗೊನೆ ತೂಗುಹಾಕಿಸಿದ್ದ. ನಾನು ಒಳಗೆ ಕಾಲಿಡುವ ಮೊದಲೇ ಕ್ರೇನಿನ ಕೆಲಸ ನಿಲ್ಲಿಸಲು ಹೇಳಿದೆ. ಮೇಲೆ ಹತ್ತಿ ನೋಡಿದರೆ ತೊಲೆಯ ರಿವೆಟುಗಳಲ್ಲಿ ಅರ್ಧದಷ್ಟು ಬೆರಳಿನಿಂದ ಅಲುಗಾಡುತ್ತಿದ್ದವು.

ಎಲ್ಲ ಕಡೆಯೂ ಮೋಸವೇ ಇರುತ್ತದೆ ಎಂದಲ್ಲ. ಮಾಲಗೋದಾಮಿನ ಹಮಾಲರು ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಕ್ರೇನನ್ನು ತೊಳೆದು, ವಿಭೂತಿ ಬಳಿದು, ಹೂ ಏರಿಸಿ, ಕೀಲು ಕೀಲಿಗೂ ಭಕ್ತಿಯಿಂದ ಎಣ್ಣೆ ಹಾಕಿದ್ದರು. ಭಕ್ತಿ ಹೆಚ್ಚಾಗಿ, ಗಾಲಿಯನ್ನು ಉಜ್ಜಿ ಹಿಡಿಯುವ ಬ್ರೇಕಿನ ಮರದ ಕಟ್ಟಿಗೂ ಹಾಕಿಬಿಟ್ಟಿದ್ದರು. ಮರುದಿನ ಅರಳೆಯ ಮೂಟೆ ಎತ್ತಿ ಬ್ರೇಕು ಹಿಡಿದರೆ ಅದು ಹಿಡಿಯದು. ಮೂಟೆ ಮದುವೆಮನೆಯ ಹೆಂಗಸರಂತೆ ಆರಾಮಾಗಿ ಕೆಳಗಿಳಿದು ಕೂತುಕೊಂಡಿತು. ಅಲ್ಲಿ ಕಲ್ಲಿದ್ದಿದ್ದರೆ? ನಾನು ಹೋಗಿ ವಿಚಾರಿಸಿದರೆ ಹಮಾಲರ ಮುಖಂಡ ಮುಕದ್ದಮನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದು ಅಂಗಕ್ಕೆ ಎಣ್ಣೆ ಬಿಟ್ಟು ಪೂಜೆ ಮಾಡಿದರೆ ದೇವರು ಸಿಟ್ಟಾಗನೇ ಎಂದು ನನ್ನನ್ನೇ ಕೇಳಿದ. ಅಂದಿನಿಂದ ಖಂಡೇಪೂಜೆಯ ಮರುದಿನ ನಾನು ಎಲ್ಲಿದ್ದರೂ ಬ್ರೇಕಿನ ಕಟ್ಟು ಬಿಚ್ಚಿಸಿ, ಸುಣ್ಣದ ನೀರಿನಲ್ಲಿ ಉಜ್ಜಿಸಿ, ಒಣಗಿಸಿ, ಆಮೇಲೆ ಕೆಲಸಕ್ಕೆ ಬಿಡುತ್ತಿದ್ದೆ. ಮೋಸಗಾರನನ್ನು ಹಿಡಿಯುವುದು ಸುಲಭ. ಒಳ್ಳೆಯ ಮನಸ್ಸಿನಿಂದ ಕೆಡಿಸಿದವನ ಮೇಲೆ ಅನುಮಾನ ಬರುವುದೇ ಕಷ್ಟ.

ನನ್ನ ಮೇಲಧಿಕಾರಿ, ಮೊಹತಮಿಮ್ ಸಾಹೇಬರು, ಹೈದರಾಬಾದಿನ ದೊಡ್ಡ ಮನೆತನದವರು. ಮಾತು ಮೃದು, ನಡೆ ಚೊಕ್ಕ. ಅವರಿಗೆ ಮೊಹರಿನ ಮೇಲೆ ಅಪಾರ ವಿಶ್ವಾಸ. ಕಾಗದದ ಮೇಲೆ ಅರಗಿನ ಮೊಹರು ಬಿದ್ದ ಮೇಲೆ ಕಬ್ಬಿಣಕ್ಕೆ ಮುರಿಯುವ ಹಕ್ಕಿಲ್ಲ ಎನ್ನುವಂತೆ ಇರುತ್ತಿದ್ದರು. ನಾನು ಕ್ರೇನು ನಿಲ್ಲಿಸಿದಾಗಲೆಲ್ಲ ದೂರು ಅವರಿಗೆ ಹೋಗುತ್ತಿತ್ತು. ಒಂದು ದಿನ ಕರೆಸಿ, ಪಾನಡಬ್ಬಿ ಬದಿಗೆ ಸರಿಸಿ ಹೇಳಿದರು: "ರಾವ್ ಸಾಹೇಬ್, ಶಕ್ ಮಾಡೋದು ನಿಮ್ಮ ನೌಕರಿ ಇರಲಿ. ಬೀಮಾರಿ ಆಗೋದು ಬ್ಯಾಡ."

"ಅನುಮಾನದ ಜಡ್ಡು ನನಗ ಬರಲಿಲ್ಲಂದ್ರ ಕ್ರೇನಿಗೆ ಬರ್ತದ ಹುಜೂರ್," ಎಂದೆ.

ನಕ್ಕರು. ಆದರೆ ಆ ಸಲದ ನನ್ನ ವರದಿಯನ್ನು ಓದದೆ ಪಕ್ಕಕ್ಕಿಟ್ಟರು.

ಕೆಲಸದ ರೀತಿಯೂ ಆ ವರ್ಷಗಳಲ್ಲಿ ಬದಲಾಯಿತು. ಮೊದಲು ಬರೀ ಕಣ್ಣು, ಸುತ್ತಿಗೆ. ಆಮೇಲೆ ಕೊಕ್ಕೆಯನ್ನು ಬಿಳುಪಾಗುವ ತನಕ ಉಜ್ಜಿ, ಘಾಸ್ಲೇಟ್, ಅಂದರೆ ಸೀಮೆಎಣ್ಣೆ, ಸವರಿ, ಒರೆಸಿ, ಮೇಲೆ ತೆಳುವಾಗಿ ಸುಣ್ಣ ಬಳಿಯುವುದನ್ನು ಕಲಿತೆವು. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಹೊರಬರುತ್ತದೆ. ಕಬ್ಬಿಣವೇ ಸಾಕ್ಷಿ ಹೇಳುವ ಉಪಾಯ ಇದು. ಸಾಕ್ಷಿಯನ್ನು ಮನುಷ್ಯರಿಂದ ಕಿತ್ತು ವಸ್ತುವಿನ ಕೈಗೆ ಕೊಡುವ ಯಾವುದೇ ಉಪಾಯ ನನಗೆ ಇಷ್ಟವೇ. ಆ ಇಷ್ಟ ನನ್ನನ್ನು ಕಮಲಾಪುರಕ್ಕೆ ಒಯ್ದು ಮುಟ್ಟಿಸಿತು. ಇಷ್ಟೆಲ್ಲ ಬರೆದದ್ದು ಆ ಪ್ರಸಂಗ ಹೇಳುವುದಕ್ಕೇ.

ಕಮಲಾಪುರದ ಆಚೆಯ ಹಳ್ಳಕ್ಕೆ ಕಲ್ಲಿನ ಸೇತುವೆ ಕಟ್ಟುತ್ತಿದ್ದರು. ಹಳ್ಳದ ಪಾತ್ರದ ಮೇಲೆ ಹಳಿ ಹಾಕಿ ಕ್ರೇನು ನಿಲ್ಲಿಸಿದ್ದರು. ಕೆತ್ತಿದ ಕರಿಗಲ್ಲನ್ನು ಎತ್ತಿ ಕಂಬದ ಮೇಲೆ ಕೂರಿಸುವುದು ಅದರ ಕೆಲಸ. ಕಲ್ಲು ಗಾಳಿಯಲ್ಲಿ ಗಿರ್ರನೆ ತಿರುಗುತ್ತದೆ. ತಿರುಗದಂತೆ ಹಿಡಿದು ಸರಿಯಾದ ಜಾಗದಲ್ಲಿ ಇಳಿಸಲು ಒಬ್ಬ ಆ ಕಲ್ಲಿನ ಮೇಲೆಯೇ ನಿಂತು, ಸರಪಳಿ ಹಿಡಿದು, ಏರಿ ಹೋಗುತ್ತಿದ್ದ. ಹೆಸರು ಕಾಳಪ್ಪ. ಮೈಗೆ ಹಗುರ, ಹೆಜ್ಜೆಗೆ ಗಟ್ಟಿ. ಅವನು ರುಮಾಲು ಬಿಗಿದು ಕಲ್ಲು ಹತ್ತಿದರೆ ಉಪ್ಪಾರರು, ಕಲ್ಲುಕುಟಿಗರು ಎಲ್ಲ ಮದುಮಗ ಹೊಂಟ, ಮದುಮಗ ಹೊಂಟ ಎಂದು ಕೂಗುತ್ತಿದ್ದರು. ಅವನಿಗೆ ಅದು ಪದವಿ. ಬುತ್ತಿ ತಂದ ಹೆಂಡತಿ ನೀಲಮ್ಮ ಮಾತ್ರ ಅವನು ಮೇಲಿರುವಷ್ಟು ಹೊತ್ತು ತಲೆ ಎತ್ತುತ್ತಿರಲಿಲ್ಲ. ಬುತ್ತಿಯ ಗಂಟನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು. ಭಾರದ ಮೇಲೆ ಮನುಷ್ಯ ಹತ್ತಕೂಡದು ಎಂದು ನಾನು ಎರಡು ಸಲ ಲಿಖಿತ ಹುಕುಂ ಕೊಟ್ಟಿದ್ದೆ. ನನ್ನ ಟಾಂಗಾ ತಿರುವು ದಾಟುವ ತನಕ ಅದರ ಪಾಲನೆ ಆಗುತ್ತಿತ್ತು.

ಅಂದರೆ ಆ ಸರಪಳಿಗೆ ತೂಗುತ್ತಿದ್ದುದು ಕಲ್ಲೂ ಹೌದು, ಕಾಳಪ್ಪನೂ ಹೌದು. ಸರಪಳಿಯ ವಿಷಯದಲ್ಲಿ ಒಂದು ಮಾತು ಹೊಸಬರು ತಿಳಿದಿರಬೇಕು. ದಿನಾ ಜಗ್ಗಿ, ತಾಕಿ, ಬಡಿಸಿಕೊಂಡು ಅದರ ಕಬ್ಬಿಣ ಒಳಗೊಳಗೇ ಬಿರುಸಾಗುತ್ತದೆ. ಬಿರುಸಾದ ಕೊಂಡಿ ಹೇಳದೆ ಕೇಳದೆ ಗಾಜಿನಂತೆ ಒಡೆಯುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ ಸರಪಳಿಯನ್ನು ಕಳಚಿ, ಕಟ್ಟಿಗೆಯ ಬೆಂಕಿಯಲ್ಲಿ ಮಂದಗೆಂಪಾಗುವ ತನಕ ಕಾಯಿಸಿ, ಬೂದಿಯಲ್ಲಿ ಹೂತು ತಾನಾಗಿ ಆರಲು ಬಿಡಬೇಕು. ಆಗ ಮತ್ತೆ ಮೆತ್ತಗಾಗುತ್ತದೆ. ನಾವು ಇದನ್ನು ಸುಡುವುದು ಎನ್ನುತ್ತಿದ್ದೆವು. ಕಮಲಾಪುರದ ಸರಪಳಿಯನ್ನು ಮಳೆಗಾಲದಲ್ಲಿ ಸುಡುವ ಕೆಲಸ ಊರಿನ ಕಂಬಾರ ಮೌನಪ್ಪನದು. ಮೌನಪ್ಪ ನೀಲಮ್ಮನ ತಂದೆ, ಕಾಳಪ್ಪನ ಮಾವ.

ಒಂದು ವರ್ಷ ಸರಪಳಿ ಸುಟ್ಟು ಬಂದಿದೆ ಎಂದು ಓವರಸಿಯರ್ ಹೇಳಿದಾಗ ನಾನು ಅದರ ಒಂದು ಕೊಂಡಿಯನ್ನು ಹುಣಸೆಹಣ್ಣಿನಿಂದ ಉಜ್ಜಿ ನೋಡಿದ್ದೆ. ಬೆಂಕಿಯಲ್ಲಿ ಕಾದ ಕಬ್ಬಿಣದ ಕಪ್ಪು, ಗಾಯದ ಹಕ್ಕಳೆಯಂತೆ, ಕಚ್ಚಿಕೊಂಡಿರುತ್ತದೆ. ಇದು ಕಣ್ಣಿಗೆ ಹಚ್ಚಿದ ಕಾಡಿಗೆಯಂತೆ ಸವರಿದಲ್ಲೇ ಹೋಯಿತು. ಅನುಮಾನಕ್ಕೆ ಇಷ್ಟು ಸಾಕು, ವಾದಕ್ಕೆ ಸಾಲದು. ಮರುವರ್ಷ ಮಳೆ ಹಿಡಿದು ಸರಪಳಿ ಕಳಚಿದಾಗ, ಯಾರಿಗೂ ಹೇಳದೆ, ಕಚೇರಿಯ ಮೊಹರಿನ ಅರಗನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಒಂದು ಕೊಂಡಿಯ ಒಳಮೈಗೆ ಒತ್ತಿ, ಮೇಲೆ ಮಸಿ ತಿಕ್ಕಿ ಬಿಟ್ಟೆ. ಮಳೆ ನಿಂತ ಮೇಲೆ ಕಮಲಾಪುರಕ್ಕೆ ಹೋದರೆ ಸರಪಳಿ ಕರ್ರಗೆ ಸುರುಳಿಯಾಗಿ ಕೂತಿತ್ತು, ಅರಗು ಇಟ್ಟಲ್ಲೇ ಇತ್ತು.

ಕಂಬಾರನ ಮೇಲೆ ನನಗೆ ಬಂದ ಅನುಮಾನ ಎಂಥದೆಂದು ಹೇಳಬೇಕಾಗಿಲ್ಲ. ಸುಡುವುದಕ್ಕೆಂದು ಖಾತೆ ವರ್ಷವರ್ಷವೂ ಬಂಡಿಗಟ್ಟಲೆ ಕಟ್ಟಿಗೆ ಕೊಡುತ್ತದೆ. ಬೆಂಕಿ ಹಾಕಿಲ್ಲ, ಕಟ್ಟಿಗೆ ಬಂದಿದೆ. ಹಾಗಾದರೆ ಕಟ್ಟಿಗೆ ಸಂತೆಗೆ ಹೋಗಿದೆ. ಅಜ್ಜ ಕೇಳಿದ್ದರೂ ತಲೆದೂಗುವಂಥ ಅನುಮಾನ. ನೆಟ್ಟಗೆ ಮೌನಪ್ಪನ ಕುಲುಮೆಗೆ ಹೋದೆ. ವಯಸ್ಸಾದವನು, ಹಣೆಗೆ ವಿಭೂತಿ, ಹೆಗಲಲ್ಲಿ ಜನಿವಾರ, ತೋಳುಗಳು ಬೇಲಿಯ ಜಾಲಿಗಿಂತ ಗಂಟುಗಂಟು. ಕಾಳಪ್ಪ ತಿದಿ ಒತ್ತುತ್ತಿದ್ದ.

"ಸರಪಳಿ ಸುಟ್ಟಿಯೇನು ಮೌನಪ್ಪ?" ಎಂದು ಕೇಳಿದೆ.

"ಕರ್ರಗ ಆಗ್ಯದಲ್ಲರೀ ರಾಯರ."

"ನಾ ಬಣ್ಣ ಕೇಳಲಿಲ್ಲ." ಅರಗಿನ ಕಾಳನ್ನು ಅವನ ಅಂಗೈಯಲ್ಲಿಟ್ಟೆ. "ಇದು ಬಿಸಿಲಿಗೇ ಮೆತ್ತಗಾಗ್ತದ. ಬೆಂಕ್ಯಾಗ ಹೋಗಿದ್ರ ಎಲ್ಲಿರ್ತಿತ್ತು?"

ಅವನು ಅದನ್ನು ಬೆರಳಲ್ಲಿ ಹೊರಳಿಸಿ ನೋಡಿದ. "ನೀವು ಇಟ್ಟಿದ್ದೇನ್ರೀ?"

"ಹೂಂ."

"ಕಳ್ಳರ್ನ ಹಿಡಿಯೋರು ಇಂಥಾವು ಇಡ್ತಾರ."

"ಕಳ್ಳ ಅಲ್ಲಂದ್ರ ಹೇಳು, ಕಟಿಗಿ ಎಲ್ಲಿ ಹೋತು?"

ಅವನು ಎದ್ದು ಕುಲುಮೆಯ ಹಿಂದಿನ ತಡಿಕೆ ಸರಿಸಿದ. ಖಾತೆ ಕೊಟ್ಟ ಕಟ್ಟಿಗೆ ವರ್ಷದ ಮೇಲೆ ವರ್ಷದ್ದು ಒಟ್ಟಿದ ಹಾಗೆಯೇ ಇತ್ತು. ತಳದ್ದಕ್ಕೆ ಗೆದ್ದಲು ಹಿಡಿದು ಮಣ್ಣಾಗಿತ್ತು. ಒಂದು ತುಂಡೂ ಹೊರಗೆ ಹೋದ ಗುರುತಿಲ್ಲ. ನನ್ನ ಅನುಮಾನದ ಕಾಲು ಅಲ್ಲೇ ಮುರಿಯಿತು. ಕದಿಯದ ಕಳ್ಳ ಮೋಸ ಯಾಕೆ ಮಾಡುತ್ತಾನೆ?

"ಸುಟ್ಟಿಲ್ಲರೀ," ಎಂದ ಮೌನಪ್ಪ. "ಒಂದು ವರ್ಷನೂ ಸುಟ್ಟಿಲ್ಲ. ಹಸಿ ತಪ್ಪಲ ಹೊಗಿ ಕೊಟ್ಟು ಎಣ್ಣಿ ಸವರಿ ಕಳಸೀನಿ. ಕಬ್ಬಿಣ ಕಾಸಿ ಬೂದ್ಯಾಗ ಇಟ್ರ ಏನಾಗ್ತದ, ನಿಮಗ ಗೊತ್ತದೋ ಇಲ್ಲೋ? ಸೀಸ ಆಗ್ತದ. ಕುಡಗೋಲ ಹಂಗ ಇಟ್ರ ಹುಲ್ಲ ಕೊಯ್ಯಂಗಿಲ್ಲ. ಕುಂಟಿ ಕುಡ ಹಂಗ ಇಟ್ರ ಮೊದಲ ಸಾಲಿಗೇ ಬಗ್ಗಿ ನಿಲ್ತದ. ಗಟ್ಟಿ ಇದ್ದ ಕಬ್ಬಿಣ ಕೊಂದು ಅದರ ಮ್ಯಾಲ ನನ್ನ ಮಗಳ ಗಂಡನ್ನ ನಿಂದ್ರಸು ಅಂತೀರಿ. ನೀವು ಕಾಗದ ಬರದು ಟಾಂಗಾ ಹತ್ತಿ ಹೋಗೋರು."

ಕಾಳಪ್ಪ ತಿದಿ ಒತ್ತುವುದನ್ನು ಬಿಟ್ಟಿದ್ದ. ಅವನಿಗೂ ಇದು ಹೊಸ ಸುದ್ದಿ ಎಂದು ಮುಖದಿಂದ ಗೊತ್ತಾಗುತ್ತಿತ್ತು.

ನಾನು ವಾದಕ್ಕಿಳಿದೆ. ಕುಡಗೋಲು ಕೊಯ್ಯಬೇಕು, ಸರಪಳಿ ಜಗ್ಗಬೇಕು, ಎರಡರ ಧರ್ಮ ಬೇರೆ ಎಂದೆ. ಗಟ್ಟಿಯಾದದ್ದು ಒಡೆಯುವ ಮುಂಚೆ ಸೂಚನೆ ಕೊಡುವುದಿಲ್ಲ, ಮೆತ್ತಗಿನದು ಮೊದಲು ಉದ್ದಕ್ಕೆ ಎಳೆದು ತಾನು ಸೋಲುತ್ತಿದ್ದೇನೆಂದು ತೋರಿಸುತ್ತದೆ ಎಂದೆ. ಕುಲುಮೆಯ ಮುಂದೆ ನಾಲ್ಕು ಮಂದಿ ನೆರೆದರು. ನನಗೂ ಹುರುಪು ಬಂತು. ಮೌನಪ್ಪ ಎಲ್ಲ ಕೇಳಿದ.

"ಬಾಯಿ ಛಲೋ ಅದರೀ ನಿಮ್ದು," ಎಂದ. "ಬಾಯಿಲೇ ಒಂದು ಕಲ್ಲು ಎತ್ತಿ ತೋರಸ್ರಿ."

ನೆರೆದವರು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪ್ರಮಾಣ ಕೇಳುವ ಮನುಷ್ಯ ಈ ಊರಿನಲ್ಲಿ ಒಬ್ಬ ಇದ್ದಾನೆ ಎಂದು ಖುಷಿಯೇ ಆಯಿತು. ಸರಪಳಿ ಕಡಿದು ನೋಡೋಣ ಎಂದೆ. ಕೆಲವು ಕೊಂಡಿ ಸುಡೋಣ, ಕೆಲವನ್ನು ಹಾಗೇ ಬಿಡೋಣ, ಎರಡನ್ನೂ ಬಡಿಯೋಣ. ಕೊಂಡಿ ಆರಿಸುವವರು ಯಾರು ಎಂದು ಅವನು ಕೇಳಿದ. ನೀನೇ ಎಂದೆ. ಬಡಿಯುವವರು? ನೀನೇ.

ಓವರಸಿಯರ್ ಓಡಿಬಂದ. ಸರಪಳಿಯನ್ನು ನಟ್ಟನಡುವೆ ಕಡಿದರೆ ಕೆಲಸ ನಿಲ್ಲುತ್ತದೆ, ಕಮಾನಿನ ಕಲ್ಲು ಎತ್ತುವುದನ್ನು ನೋಡಲು ಮೊಹತಮಿಮ್ ಸಾಹೇಬರು ಬರುವವರಿದ್ದಾರೆ, ತನ್ನ ನೌಕರಿ ಹೋಗುತ್ತದೆ ಎಂದ. ಬಾಲದ ಕಡೆಯ ಕೊಂಡಿ ತೆಗೆದುಕೊಳ್ಳಿರೆಂದು ಬೇಡಿಕೊಂಡ. ಬಾಲದ ಕೊಂಡಿ ಭಾರ ಹೊತ್ತಿಲ್ಲ, ಅದರ ಸಾಕ್ಷಿ ಬೇಡ ಎಂದು ನಾನು ಹಟ ಹಿಡಿದೆ. ಕಡಿಯಲು ಮೌನಪ್ಪನ ಉಳಿ ಆಗಲೇ ಸಿದ್ಧವಾಗಿತ್ತು.

ಮರುದಿನ ಬೆಳಿಗ್ಗೆ ಸುಟ್ಟ ಕೊಂಡಿಗಳು ಬೂದಿಯಲ್ಲಿ ಆರಿದ್ದವು. ಮೊದಲು ಸುಡದ ಕೊಂಡಿಯನ್ನು ಕುಲುಮೆಯ ಅಡೆಗಲ್ಲಿನ ಮೇಲೆ ನಿಲ್ಲಿಸಿ ಬೆಣೆ ಇಟ್ಟು ಬಡಿದ. ನಾನು ಒಡೆಯುತ್ತದೆ ಎಂದು ಹೇಳಿದ್ದೆ. ಅದು ಒಡೆಯಲಿಲ್ಲ. ಬಾಯಿ ತೆರೆದು ಬಾಗಿತು, ಅಷ್ಟೇ.

ಮೌನಪ್ಪ ಸುತ್ತಿಗೆ ಕೆಳಗಿಟ್ಟ. "ಏನಂತೀರಿ ರಾಯರ?"

"ಇನ್ನೊಂದು ಬಡಿ."

"ಸೋತವರು ಇನ್ನೊಂದು ಅಂತಾರ."

"ಗೆದ್ದವರು ಇನ್ನೊಂದಕ್ಕ ಅಂಜಬಾರದು. ಮೊದಲನೇದು ಒಡದಿದ್ರೂ ನಾ ಇನ್ನೊಂದು ಬಡಿ ಅಂತಿದ್ದೆ. ಒಂದು ಕೊಂಡಿ ಮಾತು ಕೇಳ್ಕೊಂಡು ಇಡೀ ಸರಪಳಿ ನಂಬಾಕ ಬರಂಗಿಲ್ಲ."

ಅವನು ರಾಶಿಯಲ್ಲಿ ಕೈಯಾಡಿಸಿ ಬಹಳ ಹೊತ್ತು ಆರಿಸಿದ. ನೋಡಲು ಎಲ್ಲಕ್ಕಿಂತ ದಪ್ಪ, ದುಂಡಗಿನ ಕೊಂಡಿಯನ್ನು ತೆಗೆದ. ಬೆಣೆ ಇಟ್ಟು ಬಡಿದ. ಮತ್ತೆ ಬಡಿದ. ಟಣ್ ಎಂದು ಚೂರು ಹಾರಿ ಕುಲುಮೆಯ ಗೋಡೆಗೆ ತಾಗಿ ಬಿತ್ತು. ನೀಲಮ್ಮ ಒಳಬಾಗಿಲಲ್ಲಿ ನಿಂತಿದ್ದಳು. ಚೂರು ಅವಳೇ ಎತ್ತಿ ತಂದು ತಂದೆಯ ಕೈಗೆ ಕೊಟ್ಟಳು. ಒಡೆದ ಮುಖ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯುತ್ತಿತ್ತು. ಸುಟ್ಟ ಕೊಂಡಿಗಳನ್ನು ಆಮೇಲೆ ಬಡಿದ. ಅವು ಬಾಗಿದವು, ತಿರುಚಿದವು, ಎರಡು ತುದಿ ಒಂದಕ್ಕೊಂದು ಮುಟ್ಟುವ ತನಕ ಮಡಚಿದರೂ ಒಂದಕ್ಕೂ ಬಿರುಕು ಬೀಳಲಿಲ್ಲ.

ಮೌನಪ್ಪ ಚೂರನ್ನು ಬೆಳಕಿಗೆ ಹಿಡಿದು ಕೂತ. "ಸರಪಳ್ಯಾಗ ಇಂಥಾವು ಎಷ್ಟವರೀ?"

"ಗೊತ್ತಿಲ್ಲ."

"ನೋಡಿದ್ರ ತಿಳಿಯಂಗಿಲ್ಲೇನು? ನೀವು ಕಲ್ತವರು."

"ನೋಡಿದ್ರ ತಿಳಿಯಂಗಿಲ್ಲ. ಬಡದು ಕೇಳಿದ್ರೂ ಈ ಬಿರುಸು ತಿಳಿಯಂಗಿಲ್ಲ. ಅದಕ್ಕಽ ಎಲ್ಲಾ ಸುಡಬೇಕು ಅನ್ನೋದು."

"ಹಂಗಾರ ಇಷ್ಟು ದಿನ ನಾ ಇವನ್ನ..." ಎಂದವನು ಅಳಿಯನ ಕಡೆ ನೋಡಿ ನಿಲ್ಲಿಸಿದ.

"ಮಾವಾ, ನಾ ಇಲ್ಲೇ ಅದೀನಿ," ಎಂದು ಕಾಳಪ್ಪ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಆ ಸರಪಳಿಯನ್ನು ಮೌನಪ್ಪ ಸುಟ್ಟ ಬಗೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಯಾರಿಗೂ ಮುಟ್ಟಗೊಡಲಿಲ್ಲ. ಗೆದ್ದಲು ಹಿಡಿದ ಕಟ್ಟಿಗೆ ಬೇರೆ ಮಾಡಿ ಒಣಗಿದ್ದನ್ನಷ್ಟೇ ಒಟ್ಟಿದ. ಕಡಿದ ಜಾಗದಲ್ಲಿ ಹೊಸ ಕೊಂಡಿ ಬೆಸೆದ. ಬೂದಿ ಮುಚ್ಚಿದ ಮೇಲೆ ಪೂರ್ತಿ ತಣ್ಣಗಾಗುವ ತನಕ ಯಾರನ್ನೂ ಹತ್ತಿರ ಬಿಡದೆ ಕಾದ. ಸರಪಳಿ ಕ್ರೇನಿಗೆ ಏರಿದ ದಿನ ಮೊಹತಮಿಮ್ ಸಾಹೇಬರ ಟಾಂಗಾ ಬಂದು ನಿಂತಿತು. ಸರಪಳಿ ಕಡಿಸಿದ ಸುದ್ದಿ ಅವರಿಗೆ ಮುಟ್ಟಿತ್ತು. ನನ್ನ ಕಡೆ ನೋಡದೆ ನೇರ ಕಂಬಾರನನ್ನು ಕೇಳಿದರು, ರಾವ್ ಸಾಹೇಬರು ಹೇಳಿದ ಹಾಗೆಲ್ಲ ಮಾಡಿದಿ, ಈಗಾದರೂ ಎಲ್ಲರ ಶಕ್ ಹೋಯಿತೇ ಎಂದು.

"ನನಗ ಈಗ ಸುರು ಆಗ್ಯದರೀ ಹುಜೂರ್," ಎಂದ ಮೌನಪ್ಪ.

ಕಮಾನಿನ ಕಲ್ಲಿಗೆ ಸರಪಳಿ ಸುತ್ತಿ ಕೊಕ್ಕೆ ಸಿಕ್ಕಿಸಿದರು. ಕಾಳಪ್ಪ ರುಮಾಲು ಬಿಗಿದು ಕಲ್ಲಿನ ಮೇಲೆ ಕಾಲಿಟ್ಟ. ನಾನು ಬಾಯಿ ತೆರೆಯುವ ಮೊದಲೇ ಮೌನಪ್ಪ ಹೋಗಿ ಅವನ ರಟ್ಟೆ ಹಿಡಿದ.

"ಇಳಿ."

"ಮಂದ್ಯಾಗ ಮಾನ ಕಳೀಬ್ಯಾಡ ಮಾವಾ. ನೀನಽ ಸುಟ್ಟೀದಿ, ಇನ್ನೇನು?"

"ನಾ ಸುಟ್ಟೀನಿ ಅಂತಽ ಇಳಿ ಅನ್ನಾಕತ್ತೀನಿ. ರಾಯರು ಗೊತ್ತಿಲ್ಲ ಅಂದಾರ. ನನಗೂ ಗೊತ್ತಿಲ್ಲ. ಇಬ್ಬರಿಗೂ ಗೊತ್ತಿಲ್ಲದ್ದರ ಮ್ಯಾಲ ನೀ ನಿಂದರಂಗಿಲ್ಲ."

ಕಾಳಪ್ಪನ ಮುಖ ಕಪ್ಪಿಟ್ಟಿತು. ನನ್ನ ಎರಡು ಹುಕುಂ ಮಾಡದ ಕೆಲಸ ಅಲ್ಲಿ ನಡೆಯುತ್ತಿತ್ತು. ಕಲ್ಲು ತಿರುಗದ ಹಾಗೆ ಹಿಡಿಯುವುದು ಹೇಗೆ ಎಂದು ಸಾಹೇಬರು ಕೇಳಿದರು. ಮೌನಪ್ಪ ಬಾವಿಯ ಹಗ್ಗ ಎರಡು ತರಿಸಿ ಕಲ್ಲಿನ ಎರಡು ಮೂಲೆಗೆ ಬಿಗಿದು, ಒಂದರ ತುದಿಯನ್ನು ದೂರದಲ್ಲಿ ನಿಂತ ಓವರಸಿಯರ್‌ನ ಆಳಿಗೂ ಇನ್ನೊಂದರ ತುದಿಯನ್ನು ಕಾಳಪ್ಪನಿಗೂ ಕೊಟ್ಟ. ನೆಲದ ಮೇಲೆ ನಿಂತು ಎಮ್ಮೆಯನ್ನು ಹಿಡಿದ ಹಾಗೆ ಹಿಡಿದುಕೊ ಎಂದ. ಕಲ್ಲುಕುಟಿಗರಿಗೆ ಇದಕ್ಕಿಂತ ಮಜಾ ಬೇಕೆ? ಮದುಮಗ ಕುದುರಿ ಇಳದು ಹಗ್ಗ ಹಿಡಕೊಂಡು ನಡ್ಯಾಕತ್ಯಾನ ಎಂದು ಒಬ್ಬ ಕೂಗಿದ. ಕುದುರಿ ನಿನ್ನ ತಲಿಮ್ಯಾಲ ಬಿದ್ರ ನನ್ನ ಕರೀಬ್ಯಾಡ ಎಂದು ಕಾಳಪ್ಪ ಹಗ್ಗ ಬಿಗಿದ.

ಕಲ್ಲನ್ನು ನೆಲದಿಂದ ಗೇಣು ಎತ್ತಿ ಹಾಗೇ ನಿಲ್ಲಿಸುವುದು ನನ್ನ ನಿಯಮ. ಸಾಹೇಬರು ಗಡಿಯಾರ ನೋಡಿಕೊಂಡರು, ಗಂಟಲು ಸರಿಮಾಡಿಕೊಂಡರು. ನಾನು ಹಿಡಿಕೆ ತಿರುವಲು ಹೇಳಲಿಲ್ಲ. ಮೌನಪ್ಪ ಕುಕ್ಕರಗಾಲಲ್ಲಿ ಕೂತು ಕೊಕ್ಕೆಯ ಹತ್ತಿರದಿಂದ ಒಂದೊಂದೇ ಕೊಂಡಿಯ ಮೇಲೆ ಕಣ್ಣು ಹಾಯಿಸುತ್ತ ಹೋದ. ನಡುವೆ ಎಲ್ಲೋ ನಿಂತ. ಎದ್ದು ನಿಂತು ಇನ್ನೂ ಹತ್ತಿರದಿಂದ ನೋಡಿದ.

"ಇಳಸ್ರಿ," ಎಂದ. ದನಿ ಏರಿಸಲಿಲ್ಲ. "ಮೆಲ್ಲಕ ಇಳಸ್ರಿ."

ಇಳಿಸಿದರು. ಒಂದು ಕೊಂಡಿ ಪಕ್ಕದ ಕೊಂಡಿಗಳಿಗಿಂತ ಉದ್ದಕ್ಕೆ ಎಳೆದುಕೊಂಡಿತ್ತು. ಕಾರಖಾನೆಯಲ್ಲಿ ಮಾಡುವಾಗಲೇ ಕೂಡದೆ ಉಳಿದ ಬೆಸುಗೆ, ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಇಷ್ಟು ವರ್ಷ ಅದು ಬಿರುಸಿನ ಬಲದಿಂದ ಬಿಗಿದುಕೊಂಡು ತನ್ನ ಗುಟ್ಟು ಬಿಡದೆ ಇತ್ತು. ಮೆತ್ತಗಾದ ಮೇಲೆ ಗೇಣೆತ್ತರದಲ್ಲಿ ಒಪ್ಪಿಕೊಂಡಿತು. ಸಾಹೇಬರು ಬಗ್ಗಿ ನೋಡಿದರು. ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಹೋಗಿ ನೆರಳಿನಲ್ಲಿ ಕೂತರು. ಟಾಂಗಾದವನಿಗೆ ಕುದುರೆ ಬಿಚ್ಚಲು ಹೇಳಿದರು.

ಮೌನಪ್ಪ ಕುಲುಮೆಯನ್ನು ಹಳ್ಳದ ದಂಡೆಗೇ ತರಿಸಿ, ಆ ಕೊಂಡಿ ಕಡಿದು ಇನ್ನೊಂದು ಬೆಸೆದ. ಅದನ್ನೂ ಸುಟ್ಟು ಬೂದಿಯಲ್ಲಿಟ್ಟ. ಮಧ್ಯಾಹ್ನ ಕಳೆಯಿತು. ಬೂದಿ ಆರಿದ ಮೇಲೆ ತೆಗೆದು, ಒರೆಸಿ, ನನ್ನ ಮುಂದೆ ತಂದಿಟ್ಟ. ಬೆಸುಗೆಯ ಜಾಗ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ನಯವಾಗಿ ಕೂಡಿತ್ತು. ಛಲೋ ಆಗಿದೆ, ಏರಿಸು ಎಂದೆ.

ಅವನು ಏರಿಸಲಿಲ್ಲ. ನನ್ನ ಸುತ್ತಿಗೆಯನ್ನು ಎತ್ತಿ ನನ್ನ ಕೈಗೇ ಕೊಟ್ಟ.

"ಇದು ನಾ ಹಾಕಿದ ಬೆಸಿಗಿ ರಾಯರ. ನನಗ ಛಲೋನಽ ಕಾಣ್ತದ, ಅದಕ್ಕಽ ನಾ ನೋಡಿದ್ದು ನಡಿಯಂಗಿಲ್ಲ. ನೀವು ಬಡೀರಿ. ಮೌನಪ್ಪ ಮಾಡ್ಯಾನಂತ ಮೆಲ್ಲಕ ಬಡೀಬ್ಯಾಡ್ರಿ."

ನಾನು ಬಡಿದೆ. ಒಂದು ಕಡೆ ಬಡಿದು ಕೇಳಿದೆ, ಹೊರಳಿಸಿ ಇನ್ನೊಂದು ಕಡೆ ಬಡಿದೆ. ಅವನು ಕೊಂಡಿಯನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೂಂ ಎಂದ ಮೇಲೂ ಅವನು ಕೊಂಡಿಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ಒಂದು ಸುತ್ತು ತಿರುಗಿಸಿ, ಆಮೇಲೆ ಆಗಬಹುದೆಂದು ಅಳಿಯನ ಕಡೆ ತಲೆ ಆಡಿಸಿದ. ಸರಪಳಿ ಮತ್ತೆ ಕ್ರೇನಿಗೆ ಏರಿತು. ಕಾಳಪ್ಪ ಕಲ್ಲಿನಿಂದ ದೂರ ಸರಿದು, ನೆಲದ ಮೇಲೆ ಕಾಲು ಊರಿ, ಹಗ್ಗ ಹಿಡಿದುಕೊಂಡ.